ಸ್ತುತಿಗೀತೆಯ ಪ್ರಾಸ ಮತ್ತು ವಿಜಯಪುರ ಸೀಮೆಯ ಆಡುಮಾತು

1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಸಂಯುಕ್ತ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಇದರ ಕನ್ನಡ ಆರಾಧನೆಯಲ್ಲಿ ಎರಡು ಬಗೆಯ ಹಾಡುಗಳಿವೆ: ಐರೋಪ್ಯ ಧಾಟಿಗೆ ಹೊಂದಿಸಿದ ಅನುವಾದಗಳು ಮತ್ತು ದೇಶೀಯ ಛಂದಸ್ಸಿನ ಕೀರ್ತನೆಗಳು. 1862ರಲ್ಲಿ ‘ಕಥಾಮಾಲೆ’ಯನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಪ್ರಕಟಿಸಿದ ಕಿಟೆಲ್ ಎರಡನೆಯ ಮಾರ್ಗವನ್ನು ಹಿಡಿದವರು. ಹೊಸ ಗೀತಸಂಗ್ರಹವೊಂದನ್ನು ಸಂಪಾದಿಸುವಾಗ ಈ ಎರಡು ಬಗೆಗಳು ಪ್ರಾದೇಶಿಕ ಉಚ್ಚಾರಣೆಗೆ ಹೇಗೆ ಒಗ್ಗುತ್ತವೆ ಎಂಬುದನ್ನು ನಾವಿಲ್ಲಿ ವಿವೇಚಿಸುತ್ತೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಆಡುಮಾತಿನಲ್ಲಿ ಪದಾಂತ್ಯದ ಎಕಾರವು ಒಂದೇ ರೀತಿಯಲ್ಲಿ ಪರಿಣಮಿಸುವುದಿಲ್ಲ. ನಾಮಪದಗಳಲ್ಲಿ ಅದು ಇಕಾರವಾಗುತ್ತದೆ: ಮನೆ–ಮನಿ, ಬೇನೆ–ಬ್ಯಾನಿ. ಪ್ರಥಮಪುರುಷ ಪುಲ್ಲಿಂಗ ಏಕವಚನದ ಕ್ರಿಯಾಪದದಲ್ಲಿ ಅಕಾರವಾಗುತ್ತದೆ: ಕಾಯುತ್ತಾನೆ–ಕಾಯತಾನ. ಆದ್ದರಿಂದ ಶಿಷ್ಟ ಕನ್ನಡದಲ್ಲಿ ‘ಬೇನೆ’ ಮತ್ತು ‘ಕಾಯುತ್ತಾನೆ’ ಪದಗಳ ನಡುವೆ ಇರುವ ಅಂತ್ಯಪ್ರಾಸವು ಇಲ್ಲಿಯ ಉಚ್ಚಾರಣೆಯಲ್ಲಿ ಒಡೆಯುತ್ತದೆ. ಮತ್ತೊಂದೆಡೆ, ಬರಹದಲ್ಲಿ ಪೂರ್ಣವಾಗಿ ಹೊಂದದ ‘ಮನೆ’ ಮತ್ತು ‘ದನಿ’ ಇಲ್ಲಿ ಸರಿಯಾದ ಪ್ರಾಸಪದಗಳಾಗುತ್ತವೆ.

ಆದಿಪ್ರಾಸದ ಸ್ಥಿತಿ ಬೇರೆ. ಪಾದದ ಎರಡನೆಯ ಅಕ್ಷರದ ವ್ಯಂಜನ ಸಮಾನವಾಗಿರಬೇಕು, ಅದರ ಹಿಂದಿನ ಅಕ್ಷರಗಳ ಗುರುಲಘು ಹೊಂದಬೇಕು. ವ್ಯಂಜನದ ಮುಂದಿನ ಸ್ವರ ಯಾವುದಿದ್ದರೂ ಸಲ್ಲುತ್ತದೆ. ‘ಮನೆ’ ಎಂಬುದು ‘ಮನಿ’ಯಾದರೂ ನಕಾರ ಉಳಿಯುವುದರಿಂದ ‘ತನು’, ‘ಕನಸು’ಗಳೊಡನೆ ಅದರ ಪ್ರಾಸ ಕೆಡುವುದಿಲ್ಲ.

ಲಯದ ವಿಷಯದಲ್ಲಿ ಮಾತ್ರ ಲಾಭನಷ್ಟಗಳು ತಿರುಗುಮುರುಗಾಗುತ್ತವೆ. 8, 6, 8, 6 ಅಕ್ಷರಗಳ ಪಾದಗಳುಳ್ಳ ಐರೋಪ್ಯ ಧಾಟಿಗೆ ಅಕ್ಷರಸಂಖ್ಯೆಯೇ ಮುಖ್ಯ. ‘ಕಾಯುತ್ತಾನೆ’, ‘ಕಾಯತಾನ’ ಎರಡರಲ್ಲೂ ನಾಲ್ಕೇ ಅಕ್ಷರಗಳಿರುವುದರಿಂದ ತೊಡಕಿಲ್ಲ. ಮಾತ್ರಾಗಣದ ಕೀರ್ತನೆಯಲ್ಲಾದರೋ ಮೊದಲನೆಯದಕ್ಕೆ ಏಳು, ಎರಡನೆಯದಕ್ಕೆ ಆರು ಮಾತ್ರೆ. ಕೊರತೆಯಾದ ಒಂದು ಮಾತ್ರೆಯನ್ನು ಹಾಡುಗಾರರು ಸ್ವರವನ್ನೆಳೆದು ತುಂಬಬೇಕಾಗುತ್ತದೆ.

ಹಾಡುವವರು ಮುದ್ರಿತ ಪಾಠವನ್ನೇ ಅನುಸರಿಸುತ್ತಾರಲ್ಲವೇ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೆ ಸಭೆಯ ಹಾಡು ಪುಟಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಬಾಳುವಂಥದು. ನೆನಪಿನಿಂದ ಹಾಡುವಾಗ ಆಡುಮಾತಿನ ಸ್ವರಗಳು ಸಹಜವಾಗಿಯೇ ನುಸುಳುತ್ತವೆ. ಅದನ್ನು ತಪ್ಪೆಂದು ತಿದ್ದಹೊರಟರೆ ಅಕ್ಷರ ಬಾರದವರು ಮೊದಲು ಬಾಯಿ ಮುಚ್ಚುತ್ತಾರೆ. ಆದ್ದರಿಂದ ಸಂಪಾದಕರು ಶಿಷ್ಟರೂಪವನ್ನೇ ಮುದ್ರಿಸಿದರೂ ಹೊಸ ರಚನೆಗಳಲ್ಲಿ ನಾಮಪದ–ಕ್ರಿಯಾಪದಗಳ ಅಂತ್ಯಪ್ರಾಸವನ್ನು ನೆಚ್ಚದಿರುವುದು ಮತ್ತು ಆದಿಪ್ರಾಸಕ್ಕೆ ಆದ್ಯತೆ ಕೊಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.