ಜಾಗವಿದೆ, ಆದರೂ ಜಾಗವಿಲ್ಲ!

ತರಗತಿಯಲ್ಲಿ ಮುಕ್ಕಾಲು ಬೆಂಚುಗಳು ಖಾಲಿ. ಆದರೂ ಹೊಸ ಹುಡುಗನಿಗೆ ಜಾಗವಿಲ್ಲ ಎಂದರೆ ನಂಬುತ್ತೀರಾ? ನಮ್ಮ ಶಾಲೆಯ ಕಂಪ್ಯೂಟರ್ ಒಮ್ಮೆ ಹೀಗೆಯೇ ಹಠ ಹಿಡಿಯಿತು.

ಮಕ್ಕಳು ತಾರಸಿಯ ಮೇಲೆ ಉಪಕರಣವಿಟ್ಟು ಅರ್ಧ ನಿಮಿಷಕ್ಕೊಮ್ಮೆ ಉಷ್ಣತೆ ದಾಖಲಿಸುತ್ತಿದ್ದರು. ಅದಕ್ಕೆಂದೇ ಲಿನಕ್ಸ್ ಯಂತ್ರದಲ್ಲಿ 16 ಗಿಗಾಬೈಟ್‌ನ ಪ್ರತ್ಯೇಕ ವಿಭಾಗ. ವರ್ಷ ತುಂಬಲು ಒಂದೇ ದಿನ ಬಾಕಿ ಇರುವಾಗ 'ಜಾಗವಿಲ್ಲ' ಎಂಬ ಸಂದೇಶ ಬಂತು. "ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿ ಸಾರ್" ಎಂದರು ದುರಸ್ತಿಗೆ ಬಂದವರು. ಮಕ್ಕಳ ಮುಖ ಬಾಡಿತು. ಅಳಿಸುವ ಮೊದಲು ಎಣಿಸೋಣ ಎಂದೆ.

ನಾವು ಟೈಪು ಮಾಡಿದ ಆದೇಶಗಳನ್ನು ಓದಿ ನಡೆಸುವ ತಂತ್ರಾಂಶವೇ 'ಷೆಲ್'. ಆದೇಶಗಳನ್ನು ಸಾಲಾಗಿ ಬರೆದಿಟ್ಟರೆ ಅದು ಷೆಲ್ ಸ್ಕ್ರಿಪ್ಟ್. ನಮ್ಮದು ಎರಡೇ ಹೆಜ್ಜೆಯದು. 'ಫೈಂಡ್' ಪ್ರತಿ ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತದೆ. ಆ ಪಟ್ಟಿ 'ಪೈಪ್' ಎಂಬ ಕೊಳವೆಯಲ್ಲಿ 'ಆಕ್'ಗೆ ಹರಿಯುತ್ತದೆ. 1977ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದ ಆಹೊ, ವೈನ್‌ಬರ್ಗರ್, ಕರ್ನಿಘನ್ ಇವರ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳೇ ಅದರ ಹೆಸರು. ಬೇರೆ ಬೇರೆ ಕಣ್ಣಿನ ಜರಡಿಗಳಲ್ಲಿ ಕಾಳು ಸೋಸಿದಂತೆ ಆಕ್ ಕಡತಗಳನ್ನು ವಿಂಗಡಿಸಿ ಎಣಿಸುತ್ತದೆ: 64 ಬೈಟ್‌ವರೆಗೆ ಎಷ್ಟು, 128ರವರೆಗೆ ಎಷ್ಟು, 256ರವರೆಗೆ ಎಷ್ಟು? ಹೀಗೆ ಹದಿನಾಲ್ಕು ಬಾರಿ ದ್ವಿಗುಣಿಸಿದರೆ ಒಂದು ಮೆಗಾಬೈಟ್ ಮುಟ್ಟುತ್ತೇವೆ.

ಉತ್ತರ ಬಂದದ್ದು ಒಂದೇ ಸಾಲು. ಹತ್ತು ಲಕ್ಷಕ್ಕೂ ಮೀರಿದ ಕಡತಗಳು, ಎಲ್ಲವೂ 64 ಬೈಟ್‌ನ ಒಳಗೆ!

ಗುಟ್ಟು ಇಲ್ಲಿದೆ. ಕಡತ ಎಷ್ಟೇ ಪುಟ್ಟದಿರಲಿ, ಡಿಸ್ಕಿನಲ್ಲಿ ಸಾಮಾನ್ಯವಾಗಿ 4,096 ಬೈಟ್ ಜಾಗ ಹಿಡಿಯುತ್ತದೆ. ಹಾಗಿದ್ದೂ ನಮ್ಮ ಕಡತಗಳೆಲ್ಲ ಸೇರಿ ತಿಂದದ್ದು ಸುಮಾರು 4 ಗಿಗಾಬೈಟ್ ಮಾತ್ರ. ಆದರೆ ಪ್ರತಿ ಕಡತಕ್ಕೂ 'ಐನೋಡ್' ಎಂಬ ಒಂದು ದಾಖಲೆ ಬೇಕು. ಲಿನಕ್ಸ್‌ನಲ್ಲಿ ಬಹುಬಳಕೆಯ ಇಎಕ್ಸ್‌ಟಿ-4 ಪದ್ಧತಿಯಲ್ಲಿ ಡಿಸ್ಕನ್ನು ಸಿದ್ಧಪಡಿಸುವಾಗಲೇ ಇವುಗಳ ಸಂಖ್ಯೆ ನಿಗದಿಯಾಗುತ್ತದೆ. ಸಾಮಾನ್ಯವಾಗಿ 16,384 ಬೈಟಿಗೆ ಒಂದು. ನಮ್ಮ ವಿಭಾಗಕ್ಕೆ ಸಿಕ್ಕಿದ್ದು 10,48,576. ವರ್ಷದ ಅಳತೆಗಳು 10,51,200! ಬೆಂಚುಗಳು ಖಾಲಿ ಇದ್ದವು, ಹಾಜರಿ ಪುಸ್ತಕದಲ್ಲಿ ಸಾಲು ಮುಗಿದಿತ್ತು.

ಅಳತೆಗೊಂದು ಕಡತ ಎಂದು ಹೇಳಿಕೊಟ್ಟವನು ನಾನೇ. ತಪ್ಪನ್ನು ಮಕ್ಕಳೆದುರೇ ಒಪ್ಪಿಕೊಂಡೆ. ದಿನದ 2,880 ಅಳತೆಗಳನ್ನು ಒಂದೇ ಕಡತಕ್ಕೆ ಸೇರಿಸಿ ಇನ್ನೊಂದು ಡಿಸ್ಕಿನಲ್ಲಿ ಇಟ್ಟೆವು. ಈಗ ವರ್ಷಕ್ಕೆ 365 ಕಡತ ಸಾಕು. ದಾಖಲಾದ ಒಂದು ಅಂಕಿಯೂ ಕಳೆಯಲಿಲ್ಲ.

ನಿಮ್ಮ ಲಿನಕ್ಸ್ ಯಂತ್ರವೂ ಹೀಗೆ ಮುನಿಸಿಕೊಂಡರೆ 'ಡಿಎಫ್' ಆದೇಶಕ್ಕೆ ಅಡ್ಡಗೆರೆ ಹಾಕಿ 'ಐ' ಸೇರಿಸಿ ನೋಡಿ. ಎಷ್ಟು ಐನೋಡ್ ಉಳಿದಿವೆ ಎಂದು ಅದೇ ಹೇಳುತ್ತದೆ. ಅಳಿಸುವುದು ಆಮೇಲೆ ಇದ್ದೇ ಇದೆ.