ಅಲೆಯಿಂದ ವಿದ್ಯುತ್ತು: ಸುಂಕವೆಷ್ಟು?

1975ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ಎಂಬಲ್ಲಿ ವಿಲಿಯಂ ಬ್ರೌನ್ ಮೊದಲಾದ ಇಂಜಿನಿಯರರು ಸುಮಾರು ಒಂದೂವರೆ ಕಿಲೋಮೀಟರ್ ದೂರಕ್ಕೆ, ತಂತಿಯ ನೆರವಿಲ್ಲದೆ, ವಿದ್ಯುಚ್ಛಕ್ತಿಯನ್ನು ಕಳುಹಿಸಿದರು. ಸೂಕ್ಷ್ಮತರಂಗಗಳ ರೂಪದಲ್ಲಿ ಬಂದ ಶಕ್ತಿಯನ್ನು ಗ್ರಾಹಕ ಫಲಕವು ಹಿಡಿದು, 30 ಕಿಲೋವಾಟಿಗೂ ಮಿಗಿಲಾದ ಏಕಮುಖ ವಿದ್ಯುತ್ತನ್ನಾಗಿ ಮಾರ್ಪಡಿಸಿತು. ಫಲಕದ ಮೇಲೆ ಬಿದ್ದ ಶಕ್ತಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ಬಳಕೆಗೆ ದೊರೆಯಿತು.

ಹಾಗಾದರೆ ನಮ್ಮ ಸುತ್ತಲೂ ಹರಡಿರುವ ರೇಡಿಯೋ, ಮೊಬೈಲ್ ಅಲೆಗಳಿಂದಲೂ ಇಷ್ಟೇ ಲಾಭವನ್ನು ಪಡೆಯಬಾರದೇಕೆ? ತೊಡಕಿರುವುದು ಡಯೋಡಿನಲ್ಲಿ. ಅಲೆ ತಾಗಿದಾಗ ಆಂಟೆನಾದಲ್ಲಿ ವಿದ್ಯುತ್ತು ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ಹಿಂದೆ ಮುಂದೆ ಓಲಾಡುತ್ತದೆ. ಅದನ್ನು ಒಂದೇ ದಿಕ್ಕಿಗೆ ಹರಿಯಿಸುವುದು ಡಯೋಡಿನ ಕೆಲಸ. ಆದರೆ ಸಾಮಾನ್ಯ ಸಿಲಿಕಾನ್ ಡಯೋಡು ಸುಮಾರು 0.6 ವೋಲ್ಟ್ ಸುಂಕವಿಲ್ಲದೆ ಸರಾಗವಾಗಿ ದಾರಿ ಬಿಡದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು? ಸಿರಿವಂತನಿಗೆ ಆ ಸುಂಕ ಹಗುರ; ಬಡ ಪಯಣಿಗನ ಗಂಟೆಲ್ಲ ಅಲ್ಲಿಯೇ ಮುಗಿಯುತ್ತದೆ. ಗೋಲ್ಡ್‌ಸ್ಟೋನಿನ ಅಲೆ ಸಿರಿವಂತ. ನಮ್ಮ ಸುತ್ತಲಿನ ಅಲೆಗಳು ಬಡವು.

ಪರಿಹಾರಗಳುಂಟು. ಸುಂಕ ಕಡಮೆಯಿರುವ ಶಾಟ್ಕಿ ಡಯೋಡನ್ನು ಬಳಸುವುದು ಒಂದು. ಆಂಟೆನಾ ಮತ್ತು ಡಯೋಡುಗಳ ನಡುವೆ ತಕ್ಕ ಸುರುಳಿ, ಕೆಪಾಸಿಟರುಗಳನ್ನಿಟ್ಟು, ಶಕ್ತಿಯು ಹಿಂದಿರುಗಿ ಹೋಗದಂತೆ ತಡೆದು ವೋಲ್ಟೇಜನ್ನು ಏರಿಸುವುದು ಮತ್ತೊಂದು. ಶಕ್ತಿಯನ್ನು ಬೇಕೆಂದೇ ಕಳುಹಿಸುವಲ್ಲಿ, ಅದನ್ನು ಸಮನಾಗಿ ಹರಡದೆ ಗಿಡ್ಡನೆಯ ಪ್ರಬಲ ಮಿಡಿತಗಳಾಗಿ ಕಳುಹಿಸುವುದು ಮೂರನೆಯದು.

ಸೇತುವೆಯ ಕಾಂಕ್ರೀಟಿನೊಳಗೆ ಹುದುಗಿದ್ದು ಬಿರುಕಿನ ಸುಳಿವು ಕೊಡುವ ಪುಟ್ಟ ಉಪಕರಣವೊಂದಿದ್ದರೆ, ಅದರ ಬ್ಯಾಟರಿಯನ್ನು ಬದಲಿಸಲು ಯಾರು ಹೋಗಬಲ್ಲರು? ಅಂಥದಕ್ಕೆ ಉಳಿದ ಒಂದೊಂದು ಮೈಕ್ರೋವಾಟೂ ಅಮೂಲ್ಯವೇ ಸರಿ.