ಉಪ್ಪುನೀರಿನ ಮೀನುತೊಟ್ಟಿಗೆ ಹೊಸ ಸ್ಕಿಮ್ಮರ್: ಕೊಳ್ಳುವ ಮುನ್ನ ಮತ್ತು ಕೊಂಡ ನಂತರ

ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವ ಹವ್ಯಾಸ ನಮ್ಮಲ್ಲಿ ಹೊಸದಲ್ಲ. ಗಪ್ಪಿ, ಮೋಲಿಗಳಂತಹ ಸಿಹಿನೀರಿನ ಮೀನುಗಳು ಅಷ್ಟಾಗಿ ಆರೈಕೆ ಬೇಡುವುದಿಲ್ಲ. ಆದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯುಳ್ಳ ಕ್ಲೌನ್ ಮೀನು ಮೊದಲಾದ ಸಮುದ್ರದ ಮೀನುಗಳನ್ನು ಸಾಕಲು ಹೊರಟರೆ ಖರ್ಚೂ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಇಂತಹ ತೊಟ್ಟಿಯಿಟ್ಟವರಿಗೆ ಅಂಗಡಿಯವರು ಸೂಚಿಸುವ ಮುಖ್ಯ ಸಲಕರಣೆಗಳಲ್ಲಿ ಪ್ರೋಟೀನ್ ಸ್ಕಿಮ್ಮರ್ ಒಂದು. ಇದರ ಬೆಲೆ ಕಡಿಮೆಯಲ್ಲ. ಸಾಧನ ಬಂದಿತೆಂಬ ಧೈರ್ಯದಿಂದ ಮೀನುಗಳ ಸಂಖ್ಯೆ ಹೆಚ್ಚಿಸಿ, ನೀರು ಬದಲಾಯಿಸುವುದನ್ನು ಬಿಟ್ಟು, ಕೆಲವೇ ವಾರಗಳಲ್ಲಿ ಮೀನುಗಳನ್ನು ಕಳೆದುಕೊಳ್ಳುವವರುಂಟು. ಆದ್ದರಿಂದ ಈ ಸಾಧನ ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ಹಣ ಕೊಡುವ ಮೊದಲೇ ತಿಳಿದಿರಬೇಕು. ಬೇಸಾಯಗಾರರಿಗೆ ಇದು ಕಠಿಣವಾದ ವಿಷಯವೇನಲ್ಲ. ಹೊಲದಲ್ಲಿ ನಡೆಯುವ ಸಾರಜನಕದ ವ್ಯವಹಾರವೇ ತೊಟ್ಟಿಯಲ್ಲಿಯೂ ನಡೆಯುತ್ತದೆ.

ತೊಟ್ಟಿಯಲ್ಲಿ ಸಾರಜನಕದ ಲೆಕ್ಕ

ಮಣ್ಣಿಗೆ ಸೇರಿಸಿದ ಕೊಟ್ಟಿಗೆ ಗೊಬ್ಬರ ಕೊಳೆತಾಗ ಅದರಲ್ಲಿರುವ ಸಾರಜನಕ ಮೊದಲು ಅಮೋನಿಯಾ, ನಂತರ ನೈಟ್ರೈಟ್, ಕೊನೆಗೆ ನೈಟ್ರೇಟ್ ಆಗುತ್ತದೆ. ಈ ಕೆಲಸ ಮಾಡುವವು ಕಣ್ಣಿಗೆ ಕಾಣದ ಅಣುಜೀವಿಗಳು. ಹೊಲದಲ್ಲಿ ನೈಟ್ರೇಟನ್ನು ಪೈರು ಹೀರಿಕೊಳ್ಳುತ್ತದೆ. ಉಳಿದದ್ದು ಮಳೆ ನೀರಿನೊಡನೆ ಬಸಿದು ಹೋಗುತ್ತದೆ. ಮೀನುತೊಟ್ಟಿಯಲ್ಲಿ ಪೈರೂ ಇಲ್ಲ, ಬಸಿಗಾಲುವೆಯೂ ಇಲ್ಲ. ಹಾಕಿದ ಆಹಾರದ ಸಾರಜನಕವೆಲ್ಲ ಒಂದಲ್ಲ ಒಂದು ರೂಪದಲ್ಲಿ ಅಲ್ಲಿಯೇ ಉಳಿಯುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಉಗ್ರವಲ್ಲದಿದ್ದರೂ ಕೂಡುತ್ತಾ ಹೋದಂತೆ ಪಾಚಿ ಹೆಚ್ಚಿಸಿ ಸೂಕ್ಷ್ಮ ಜೀವಿಗಳನ್ನು ಸೊರಗಿಸುತ್ತದೆ.

ಒಂದು ಲೆಕ್ಕ ನೋಡೋಣ. ದಿನಕ್ಕೆ 2 ಗ್ರಾಂ ಒಣ ಆಹಾರ ಹಾಕುತ್ತೀರಿ, ಅದರಲ್ಲಿ ಅರ್ಧದಷ್ಟು ಸಸಾರಜನಕವಿದೆ ಎಂದುಕೊಳ್ಳಿ. ಸಸಾರಜನಕದಲ್ಲಿ ಸಾರಜನಕದ ಪ್ರಮಾಣ ಸುಮಾರು ಶೇ. 16. ಅಂದರೆ ದಿನಕ್ಕೆ 0.16 ಗ್ರಾಂ ಸಾರಜನಕ ನೀರಿಗೆ ಬಿದ್ದಂತಾಯಿತು. ಇದೆಲ್ಲವೂ ನೈಟ್ರೇಟ್ ಆದರೆ ಸುಮಾರು 0.7 ಗ್ರಾಂ ಆಗುತ್ತದೆ. 180 ಲೀಟರ್ ನೀರಿನ ತೊಟ್ಟಿಯಲ್ಲಿ ಇದು ಪ್ರತಿ ಲೀಟರಿಗೆ ದಿನಕ್ಕೆ ಸುಮಾರು 4 ಮಿಲಿಗ್ರಾಂ. ಮೀನಿನ ಮೈಗೆ ಸೇರುವ ಸ್ವಲ್ಪ ಭಾಗವನ್ನು ಕಳೆದರೂ ತಿಂಗಳ ಕೊನೆಗೆ ಮೊತ್ತ ದೊಡ್ಡದೇ ಆಗುತ್ತದೆ.

ಸ್ಕಿಮ್ಮರ್ ನೆರವಾಗುವುದು ಈ ಸರಪಳಿಯ ಮೊದಲ ಕೊಂಡಿಯಲ್ಲಿ. ನೀರಿನಲ್ಲಿ ಕರಗಿದ ಆಹಾರದ ಅಂಶ, ಮೀನಿನ ಮೈಲೋಳೆ, ಮಲದಿಂದ ಹೊರಬಂದ ಸಾವಯವ ವಸ್ತು ಇವುಗಳನ್ನು ಕೊಳೆಯುವ ಮೊದಲೇ ಅದು ಹೊರತೆಗೆಯುತ್ತದೆ. ಸೆಗಣಿಯನ್ನು ಕೊಟ್ಟಿಗೆಯಲ್ಲಿಯೇ ಕೊಳೆಯಲು ಬಿಡದೆ ಬೆಳಿಗ್ಗೆ ಬಾಚಿ ತಿಪ್ಪೆಗೆ ಸಾಗಿಸಿದಂತೆ ಇದು.

ನೊರೆಯು ಕೊಳೆಯನ್ನು ಹೊರುವ ಬಗೆ

ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಕೊಪ್ಪರಿಗೆಯ ಮೇಲೆ ಕೊಳೆನೊರೆ ಏಳುವುದನ್ನೂ, ಬೆಂಡೆಗಿಡದ ಲೋಳೆ ಹಾಕಿ ಅದನ್ನು ಒಟ್ಟುಗೂಡಿಸಿ ತೆಗೆಯುವುದನ್ನೂ ನೀವು ಬಲ್ಲಿರಿ. ಅಲ್ಲಿ ಕೆಲಸ ಮಾಡುವುದು ಬೆಂಕಿಯ ಕಾವು. ಇಲ್ಲಿ ಗಾಳಿಯ ಗುಳ್ಳೆ. ಸಸಾರಜನಕ ಮತ್ತು ಕೊಬ್ಬಿನ ಅನೇಕ ಅಣುಗಳಿಗೆ ಎರಡು ಸ್ವಭಾವಗಳುಂಟು. ಒಂದು ಭಾಗ ನೀರನ್ನು ಬಯಸುತ್ತದೆ, ಇನ್ನೊಂದು ನೀರಿನಿಂದ ದೂರ ಸರಿಯುತ್ತದೆ. ಇಂತಹ ಅಣುಗಳು ನೀರೂ ಗಾಳಿಯೂ ಸೇರುವ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ಗುಳ್ಳೆಗಳು ಇವನ್ನು ಹೊತ್ತು ಮೇಲೇರಿ ನೊರೆಯಾಗುತ್ತವೆ. ಮಲ್ಪೆ, ಕಾರವಾರಗಳ ದಂಡೆಯಲ್ಲಿ ಅಲೆ ಬಿಟ್ಟುಹೋಗುವ ನೊರೆಯೂ ಇದೇ ಬಗೆಯದು.

ಗುಳ್ಳೆ ಸಣ್ಣದಾದಷ್ಟೂ ಕೆಲಸ ಹೆಚ್ಚು. ಅಷ್ಟೇ ಗಾಳಿಯನ್ನು 2 ಮಿಲಿಮೀಟರ್ ಗುಳ್ಳೆಗಳ ಬದಲು 1 ಮಿಲಿಮೀಟರ್ ಗುಳ್ಳೆಗಳಾಗಿ ಒಡೆದರೆ ಒಟ್ಟು ಮೇಲ್ಮೈ ಎರಡರಷ್ಟಾಗುತ್ತದೆ. ಸಮುದ್ರದ ನೀರಿನಲ್ಲಿ ಕರಗಿದ ಲವಣಗಳು ಸಣ್ಣ ಗುಳ್ಳೆಗಳು ಒಂದರೊಡನೊಂದು ಕೂಡದಂತೆ ತಡೆಯುತ್ತವೆ. ಸಿಹಿನೀರಿನಲ್ಲಿ ಅವು ಬೇಗ ಕೂಡಿಕೊಂಡು ದೊಡ್ಡದಾಗಿ ಒಡೆಯುತ್ತವೆ. ಆದ್ದರಿಂದಲೇ ಮನೆಯ ಸಿಹಿನೀರಿನ ತೊಟ್ಟಿಗೆ ಸ್ಕಿಮ್ಮರ್ ಕೊಳ್ಳುವುದು ವ್ಯರ್ಥ.

ಸಾಧನದ ರಚನೆ

ಹಳೆಯ ಸ್ಕಿಮ್ಮರುಗಳಲ್ಲಿ ಗಾಳಿ ಪಂಪಿಗೆ ಮರದ ತುಂಡನ್ನು ಜೋಡಿಸಿ, ಅದರ ಸಣ್ಣ ರಂಧ್ರಗಳಿಂದ ಗುಳ್ಳೆ ಬರಿಸುತ್ತಿದ್ದರು. ಈಗ ದೊರೆಯುವ ಹೆಚ್ಚಿನವುಗಳಲ್ಲಿ ನೀರಿನ ಪಂಪಿನ ಚಕ್ರಕ್ಕೆ ಸೂಜಿಯಂತಹ ಕಡ್ಡಿಗಳಿರುತ್ತವೆ. ಪಂಪು ಒಂದು ಸಣ್ಣ ಕೊಳವೆಯಿಂದ ಗಾಳಿಯನ್ನು ಎಳೆದುಕೊಂಡು, ಈ ಕಡ್ಡಿಗಳಿಂದ ಅದನ್ನು ಕತ್ತರಿಸಿ ನೀರಿನಲ್ಲಿ ಬೆರೆಸುತ್ತದೆ. ಗುಳ್ಳೆ ತುಂಬಿದ ನೀರು ಅಗಲವಾದ ಒಡಲಿನಲ್ಲಿ ಸುತ್ತಿ ಮೇಲೇಳುತ್ತದೆ. ನೊರೆ ಕಿರಿದಾದ ಕತ್ತಿನ ಮೂಲಕ ಏರಿ ಮೇಲಿನ ಬಟ್ಟಲಿಗೆ ಬೀಳುತ್ತದೆ; ನೀರು ಹೊರಕೊಳವೆಯಿಂದ ತೊಟ್ಟಿಗೆ ಹಿಂತಿರುಗುತ್ತದೆ. ಹೊರಕೊಳವೆಯ ತಿರುಪನ್ನು ಹಿಡಿದು ಒಳಗಿನ ನೀರಿನ ಮಟ್ಟವನ್ನು ಏರಿಸಬಹುದು ಅಥವಾ ಇಳಿಸಬಹುದು.

ಗಾತ್ರವನ್ನು ಆರಿಸುವುದು

ಮೊದಲು ನಿಮ್ಮ ತೊಟ್ಟಿಯ ನಿಜವಾದ ನೀರನ್ನು ಲೆಕ್ಕ ಹಾಕಿರಿ. 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 40 ಸೆಂ.ಮೀ. ನೀರು ನಿಲ್ಲಿಸಿದರೆ 162 ಲೀಟರ್ ಆಗುತ್ತದೆ. ಸಲಕರಣೆಗಳನ್ನಿಡುವ ಕೆಳತೊಟ್ಟಿಯಲ್ಲಿ 40 ಲೀಟರ್ ಇದ್ದರೆ ಒಟ್ಟು 202 ಲೀಟರ್. ಕಲ್ಲು, ಮರಳು ಹಿಡಿಯುವ ಸ್ಥಳಕ್ಕೆ ಸುಮಾರು 20 ಲೀಟರ್ ಕಳೆದರೆ ಉಳಿಯುವುದು 180 ಲೀಟರಿನ ಆಸುಪಾಸು.

ತಯಾರಕರು ಡಬ್ಬದ ಮೇಲೆ ನಮೂದಿಸುವ ಅತಿ ದೊಡ್ಡ ಅಂಕಿ ಸಾಮಾನ್ಯವಾಗಿ ಮೀನು ಕಡಿಮೆಯಿರುವ ತೊಟ್ಟಿಗೆ ಅನ್ವಯಿಸುತ್ತದೆ. ಮೀನು ಹೆಚ್ಚಿರುವ ತೊಟ್ಟಿಗೆ ಎಷ್ಟು ಎಂಬ ಅಂಕಿಯನ್ನು ಕೇಳಿ ಅದರಂತೆ ಆರಿಸುವುದು ಮೇಲು. ಹಾಗೆಂದು ಬೇಕಾದುದಕ್ಕಿಂತ ಬಹು ದೊಡ್ಡದನ್ನು ಕೊಳ್ಳುವುದೂ ಸರಿಯಲ್ಲ. ಕೊಳೆ ಸಾಲದಾಗ ಅಗಲ ಕತ್ತಿನಲ್ಲಿ ನೊರೆ ನಿಲ್ಲದೆ ಕುಸಿಯುತ್ತದೆ. ಸ್ಕಿಮ್ಮರಿನ ಎತ್ತರ, ಬಟ್ಟಲನ್ನು ಮೇಲೆತ್ತಿ ತೆಗೆಯಲು ಬೇಕಾದ ಸ್ಥಳ, ಪಂಪಿನ ಬಿಡಿಭಾಗಗಳು ಸಿಗುತ್ತವೆಯೇ ಎಂಬುದು ಇವುಗಳನ್ನೂ ವಿಚಾರಿಸಿಕೊಳ್ಳಬೇಕು.

ಜೋಡಣೆ ಮತ್ತು ಮೊದಲ ಎರಡು ವಾರ

1. ಹೊಸ ಸಾಧನವನ್ನು ನೀರು ಬೆರೆಸಿದ ವಿನೆಗರಿನಿಂದ ತೊಳೆದು, ಬಳಿಕ ಶುದ್ಧ ನೀರಿನಲ್ಲಿ ಜಾಲಿಸಬೇಕು. ಸೋಪನ್ನು ಬಳಸಲೇಬಾರದು.

2. ತಯಾರಕರು ಸೂಚಿಸಿದ ಆಳದ ನೀರಿನಲ್ಲಿಯೇ ನಿಲ್ಲಿಸಬೇಕು. ಈ ನೀರಿನ ಮಟ್ಟ ದಿನವೂ ಒಂದೇ ಸಮನಾಗಿರುವುದು ಅತಿ ಮುಖ್ಯ. ಮಟ್ಟ ಏರಿದರೆ ಬಟ್ಟಲಿಗೆ ಬರಿಯ ನೀರು ತುಂಬುತ್ತದೆ. ಇಳಿದರೆ ನೊರೆ ಕತ್ತನ್ನು ತಲುಪುವುದಿಲ್ಲ.

3. ಮೊದಲು ಹೊರಕೊಳವೆಯನ್ನು ಪೂರ್ತಿ ತೆರೆದಿಟ್ಟು ಪಂಪು ಹಾಕಿರಿ. ನಂತರ ಸ್ವಲ್ಪ ಸ್ವಲ್ಪವಾಗಿ ತಿರುಪಿ, ನೀರೂ ನೊರೆಯೂ ಸೇರುವ ಗೆರೆ ಕತ್ತಿನ ಬುಡದಲ್ಲಿ ನಿಲ್ಲುವಂತೆ ಮಾಡಿರಿ. ಒಮ್ಮೆ ತಿರುಪಿದ ಮೇಲೆ ಒಂದು ದಿನ ಕಾಯ್ದು ನೋಡಬೇಕು. ಗಂಟೆಗೊಮ್ಮೆ ತಿರುಪಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

4. ಹೊಸ ಪ್ಲಾಸ್ಟಿಕ್ಕಿನ ಮೈಯಲ್ಲಿ ತಯಾರಿಕೆಯ ಕಾಲದ ಜಿಡ್ಡು ಉಳಿದಿರುತ್ತದೆ. ಅದು ತೊಳೆದುಹೋಗಿ, ಒಳಮೈಗೆ ತೆಳುವಾದ ಲೋಳೆ ಕಟ್ಟುವವರೆಗೆ ನೊರೆ ಹದಕ್ಕೆ ಬರುವುದಿಲ್ಲ. ಇದಕ್ಕೆ ಮೂರು ದಿನದಿಂದ ಎರಡು ವಾರ ಹಿಡಿಯಬಹುದು. ಈ ಅವಧಿಯಲ್ಲಿ ಸಾಧನ ಕೆಟ್ಟಿದೆಯೆಂದು ಹಿಂತಿರುಗಿಸಲು ಆತುರಪಡಬಾರದು. ಮೀನನ್ನೇ ಬಿಡದ ಹೊಸ ತೊಟ್ಟಿಯಲ್ಲಿ ನೊರೆ ಬಾರದಿರುವುದು ಸಹಜ.

5. ಕ್ಲೋರಿನ್ ತೆಗೆಯುವ ಕೆಲವು ದ್ರಾವಣಗಳು, ಔಷಧಿಗಳು, ಹೊಸದಾಗಿ ಹಚ್ಚಿದ ಅಂಟು ಇವುಗಳಿಂದ ನೊರೆ ಉಕ್ಕಿ ಹರಿಯುತ್ತದೆ. ಎಣ್ಣೆ ಕೈ ಅದ್ದಿದರೆ ಅಥವಾ ಕೊಬ್ಬಿನ ಆಹಾರ ಹಾಕಿದರೆ ನೊರೆ ಕೆಲವು ಗಂಟೆ ಕುಸಿಯುತ್ತದೆ. ಎರಡೂ ತಾನಾಗಿ ಸರಿಹೋಗುತ್ತವೆ.

ವಿದ್ಯುತ್ ನಿಂತಾಗ

ನಮ್ಮಲ್ಲಿ ವಿದ್ಯುತ್ ನಿಲ್ಲುವುದು ಅಪರೂಪವಲ್ಲ. ಪಂಪು ನಿಂತೊಡನೆ ಸ್ಕಿಮ್ಮರಿನ ನೀರೂ ಮೇಲಿನ ತೊಟ್ಟಿಯ ಕೊಳವೆಗಳ ನೀರೂ ಕೆಳತೊಟ್ಟಿಗೆ ಇಳಿಯುತ್ತವೆ. ಅದನ್ನು ಹಿಡಿಯುವಷ್ಟು ಜಾಗ ಕೆಳತೊಟ್ಟಿಯಲ್ಲಿ ಬಿಟ್ಟಿರಬೇಕು. ಹೊಸ ಸಾಧನ ಜೋಡಿಸಿದ ದಿನವೇ ಸ್ವಿಚ್ಚು ತೆಗೆದು ಪರೀಕ್ಷಿಸಿರಿ. ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಆಮೇಲೆ ಮೇಲಕ್ಕೆ ಒಯ್ದರೆ, ಅದರ ಮೇಲೆ ಹರಿಯುವ ನೀರಿನ ಹನಿ ಪ್ಲಗ್ಗಿಗೆ ತಲುಪುವುದಿಲ್ಲ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕ. ಆದ್ದರಿಂದ ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಸ್ವಿಚ್ಚು ಇರಲೇಬೇಕು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪನ್ನು ಇಟ್ಟುಕೊಂಡರೆ ಕತ್ತಲೆಯ ಹೊತ್ತಿನಲ್ಲಿ ಮೀನುಗಳ ಜೀವ ಉಳಿಯುತ್ತದೆ.

ದಿನದ ಆರೈಕೆ

ಕತ್ತಿನ ಒಳಮೈಯನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸಬೇಕು. ಅಲ್ಲಿ ಜಿಡ್ಡು ಕಟ್ಟಿದರೆ ನೊರೆ ಮೇಲೇರದು. ಬಟ್ಟಲನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಗಾಳಿ ಕೊಳವೆಯ ತುದಿಯಲ್ಲಿ ಉಪ್ಪು ಗಟ್ಟಿಯಾಗುವುದರಿಂದ ತಿಂಗಳಿಗೊಮ್ಮೆ ಬೆಚ್ಚನೆಯ ಸಿಹಿನೀರು ಹಾಯಿಸಬೇಕು. ಮೂರರಿಂದ ಆರು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ ವಿನೆಗರಿನಲ್ಲಿ ನೆನೆಸಿ ಸುಣ್ಣದ ಪದರ ತೆಗೆಯಬೇಕು.

ಬಟ್ಟಲಿಗೆ ಬೀಳುವುದು ಚಹಾದ ಬಣ್ಣದ ತೆಳು ದ್ರವವಾದರೆ ನೀರು ಹೆಚ್ಚು ಹೋಗುತ್ತಿದೆ ಎಂದರ್ಥ. ಕಾಫಿ ಕಷಾಯದಂತಿದ್ದರೆ ನೊರೆ ಒಣಗಿ ಬರುತ್ತಿದೆ. ಎರಡೂ ತಪ್ಪಲ್ಲ. ಆದರೆ ಬಟ್ಟಲಿನ ಮೂಲಕ ಉಪ್ಪೂ ಹೊರಹೋಗುವುದನ್ನು ಮರೆಯಬಾರದು. ದಿನಕ್ಕೆ 300 ಮಿಲಿಲೀಟರ್ ಹೋಗಿ, ಅಷ್ಟೇ ಸಿಹಿನೀರು ತುಂಬಿದರೆ ತಿಂಗಳಿಗೆ ಸುಮಾರು 315 ಗ್ರಾಂ ಉಪ್ಪು ಕಡಿಮೆಯಾಗುತ್ತದೆ. 180 ಲೀಟರಿನ ತೊಟ್ಟಿಯಲ್ಲಿ ಲವಣಾಂಶ ಲೀಟರಿಗೆ 35 ಗ್ರಾಂನಿಂದ 33ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಲವಣಾಂಶ ಅಳೆಯಿರಿ. ಇನ್ನೊಂದು ಮಾತು: ಬಟ್ಟಲಿನ ಕೊಳೆಯನ್ನಾಗಲಿ, ತೊಟ್ಟಿಯಿಂದ ತೆಗೆದ ನೀರನ್ನಾಗಲಿ ಗೊಬ್ಬರವಾದೀತೆಂದು ಹಿತ್ತಲಿನ ಗಿಡಗಳಿಗೆ ಹಾಕಬೇಡಿ. ಅದರ ಸೋಡಿಯಂ ಮಣ್ಣನ್ನು ಕೆಡಿಸುತ್ತದೆ.

ಸ್ಕಿಮ್ಮರ್ ಮಾಡಲಾರದ ಕೆಲಸ

ಮೀನುಗಳು ಕಿವಿರಿನಿಂದ ನೇರವಾಗಿ ಹೊರಬಿಡುವ ಅಮೋನಿಯಾವನ್ನು ಸ್ಕಿಮ್ಮರ್ ಹಿಡಿಯಲಾರದು. ಆಗಲೇ ಉಂಟಾದ ನೈಟ್ರೇಟ್, ಕರಗಿದ ರಂಜಕದ ಲವಣಗಳು ಇವುಗಳೂ ಗುಳ್ಳೆಗೆ ಅಂಟುವುದಿಲ್ಲ. ಹಿಡಿಯಬಲ್ಲ ಸಾವಯವ ವಸ್ತುವನ್ನೂ ಅದು ಪೂರ್ತಿ ಹಿಡಿಯದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ರಸಾಯನ ವಿಜ್ಞಾನಿ ಕೆನ್ ಫೆಲ್ಡ್‌ಮನ್ ಮತ್ತು ಸಂಗಡಿಗರು 2009 ಮತ್ತು 2010ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಬೇರೆ ಬೇರೆ ಸ್ಕಿಮ್ಮರುಗಳು ನೀರಿನ ಒಟ್ಟು ಸಾವಯವ ಇಂಗಾಲದಲ್ಲಿ ತೆಗೆದದ್ದು ಸುಮಾರು ಶೇ. 20ರಿಂದ 30ರಷ್ಟು ಮಾತ್ರ. ಉಳಿದದ್ದನ್ನು ಅಣುಜೀವಿಗಳು, ಮರಳು ಮತ್ತು ನಿಮ್ಮ ಬಕೆಟ್ಟು ನೋಡಿಕೊಳ್ಳಬೇಕು.

ಕೊಳವೆ ಬಾವಿಯ ನೀರನ್ನು ಬಳಸುವವರು ಇನ್ನೂ ಎಚ್ಚರದಿಂದಿರಬೇಕು. ನಮ್ಮ ರಾಜ್ಯದ ಹಲವು ಕಡೆ ಅಂತರ್ಜಲದಲ್ಲಿಯೇ ನೈಟ್ರೇಟ್ ಇದೆ. ಕುಡಿಯುವ ನೀರಿಗೆ ನಮ್ಮ ದೇಶದಲ್ಲಿ ನಿಗದಿಯಾದ ಮಿತಿಯೇ ಲೀಟರಿಗೆ 45 ಮಿಲಿಗ್ರಾಂ. ಅಂತಹ ನೀರನ್ನು ದಿನವೂ ತುಂಬಿದರೆ ಆವಿಯಾಗುವುದು ನೀರು ಮಾತ್ರ, ನೈಟ್ರೇಟ್ ಉಳಿಯುತ್ತಾ ಹೋಗುತ್ತದೆ. ಎಷ್ಟು ಬೆಲೆಯ ಸ್ಕಿಮ್ಮರೂ ಇದಕ್ಕೆ ಪರಿಹಾರವಲ್ಲ. ಆರ್.ಓ. ಯಂತ್ರದಲ್ಲಿ ಶುದ್ಧಿಮಾಡಿದ ನೀರನ್ನೇ ಬಳಸುವುದು ಉತ್ತಮ.

ಇಷ್ಟಾದರೂ ಸ್ಕಿಮ್ಮರಿನ ಪ್ರಯೋಜನ ಸಣ್ಣದಲ್ಲ. ಅದು ನೀರಿಗೆ ಹೇರಳವಾಗಿ ಆಮ್ಲಜನಕ ಸೇರಿಸುತ್ತದೆ, ಇಂಗಾಲಾಮ್ಲವನ್ನು ಹೊರಹಾಕಿ ರಸಸಾರ ಕುಸಿಯದಂತೆ ನೋಡಿಕೊಳ್ಳುತ್ತದೆ, ನೀರಿನ ಹಳದಿ ಛಾಯೆಯನ್ನು ಕಡಿಮೆಮಾಡುತ್ತದೆ.

ಮೀನು ಕೊಳ್ಳುವಾಗ

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಸಮುದ್ರದಿಂದ ಹಿಡಿದ ಮೀನಿಗಿಂತ ಮರಿಮನೆಯಲ್ಲಿ ಬೆಳೆದ ಮೀನು ತೊಟ್ಟಿಗೆ ಬೇಗ ಒಗ್ಗುತ್ತದೆ. ಬಂಡೆ ಕಟ್ಟುವ ಹವಳಗಳು ಹಾಗೂ ಕಡಲ ಕುದುರೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಸೇರಿಸಲಾಗಿದೆ. ನೇತ್ರಾಣಿಯಿಂದಾಗಲಿ ಬೇರೆಲ್ಲಿಂದಾಗಲಿ ತಂದ ಹವಳದ ಕಲ್ಲನ್ನು ಕೊಳ್ಳುವುದು ಅಪರಾಧ.

ಹೊಸ ಸ್ಕಿಮ್ಮರ್ ಬಂದ ತಿಂಗಳಲ್ಲಿ ಒಂದು ಮೀನನ್ನೂ ಹೆಚ್ಚಿಸಬೇಡಿ. ಎಂದಿನಂತೆ ಹದಿನೈದು ದಿನಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು, ಸಮುದ್ರ ಲವಣ ಬೆರೆಸಿದ ಹೊಸ ನೀರಿನಿಂದ ಬದಲಾಯಿಸಿರಿ. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ. ವಾರಕ್ಕೊಮ್ಮೆ ನೈಟ್ರೇಟನ್ನು ಅಳೆದು ಬರೆದಿಡಿ. ಸಾಧನದಿಂದ ಎಷ್ಟು ಪ್ರಯೋಜನವಾಯಿತೆಂಬುದನ್ನು ಆ ಅಂಕಿಗಳೇ ಹೇಳುತ್ತವೆ. ಮೀನುಗಳ ರೋಗ, ಆರೈಕೆಗಳ ಬಗ್ಗೆ ಹೆಚ್ಚಿನ ವಿವರ ಬೇಕಾದವರು 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದ ತಜ್ಞರನ್ನು ವಿಚಾರಿಸಬಹುದು.